ಪೈಲಟ್‌ಗಳಿಗೆ ಕೈಯಾರೆ ಹಾರಿಸುವ ಅವಕಾಶ ಸಿಗಲಿ

ಮಾನ್ಯ ಸಂಪಾದಕರೇ,

ಈಗಿನ ವಿಮಾನಗಳನ್ನು ಹಾರಿಸುವುದು ಕಂಪ್ಯೂಟರ್, ಪೈಲಟ್‌ಗಳು ಉಸ್ತುವಾರಿಗೆಂದು ಕುಳಿತಿರುತ್ತಾರೆ ಅಷ್ಟೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ಅರ್ಧ ನಿಜ. ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಚಾಲೂ ಆಗುವ ಆಟೋಪೈಲಟ್ ಸಾಮಾನ್ಯವಾಗಿ ಲ್ಯಾಂಡಿಂಗ್ ಹತ್ತಿರವಾಗುವವರೆಗೂ ವಿಮಾನವನ್ನು ನಡೆಸುತ್ತದೆ. ದಟ್ಟ ಮಂಜಿನಲ್ಲಿ ಇಳಿಸುವ ಕೆಲಸವನ್ನೂ ಅದಕ್ಕೇ ಒಪ್ಪಿಸಲಾಗುತ್ತದೆ. ಇದರಿಂದ ವಿಮಾನಯಾನ ಹೆಚ್ಚು ಸುರಕ್ಷಿತವಾಗಿದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಯಂತ್ರ ಕೈಚೆಲ್ಲಿದಾಗ ವಿಮಾನವನ್ನು ವಹಿಸಿಕೊಳ್ಳಬೇಕಾದವರಿಗೆ ಆ ರೂಢಿಯನ್ನು ಉಳಿಸಿಕೊಳ್ಳಲು ಸಿಗುತ್ತಿರುವ ಅವಕಾಶ ತೀರಾ ಕಡಿಮೆ.

ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನಕ್ಕೆ 2009ರ ಜೂನ್ 1ರಂದು ಆದದ್ದನ್ನು ನೋಡಿ. ಸುಮಾರು 35,000 ಅಡಿ ಎತ್ತರದಲ್ಲಿ, ವೇಗವನ್ನು ಅಳೆಯುವ ಪಿಟೋ ಕೊಳವೆಗಳಲ್ಲಿ ಹಿಮದ ಹರಳುಗಳು ಕಟ್ಟಿಕೊಂಡವು. ವೇಗದ ಅಂಕಿಗಳು ಒಂದಕ್ಕೊಂದು ತಾಳೆಯಾಗದೆ ಆಟೋಪೈಲಟ್ ತಾನಾಗಿ ಕಳಚಿಕೊಂಡಿತು. ಎಂಜಿನ್‌ಗಳು ಸರಿಯಾಗಿದ್ದವು, ವೇಗಮಾಪನವೂ ಸುಮಾರು ಒಂದು ನಿಮಿಷದಲ್ಲಿ ಸರಿಹೋಯಿತು. ವಿಮಾನವನ್ನು ಅದೇ ಎತ್ತರದಲ್ಲಿ, ಅದೇ ಭಂಗಿಯಲ್ಲಿ ಸಮವಾಗಿ ಹಿಡಿದಿದ್ದರೆ ಸಾಕಿತ್ತು. ಆದರೆ ಹಾರಿಸುತ್ತಿದ್ದ ಸಹಪೈಲಟ್ ವಿಮಾನ ನಿಯಂತ್ರಿಸುವ ಹಿಡಿಕೆಯಾದ ಸೈಡ್‌ಸ್ಟಿಕ್ಕನ್ನು ಹಿಂದಕ್ಕೆ ಎಳೆದರು; ಮೂತಿ ಮೇಲೆತ್ತಿದ ವಿಮಾನ ಸುಮಾರು 38,000 ಅಡಿಗೆ ಏರಿ ಸ್ಟಾಲ್ ಆಯಿತು, ಅಂದರೆ ವಿಮಾನವನ್ನು ಎತ್ತಿಹಿಡಿಯುವಷ್ಟು ಬಲ ರೆಕ್ಕೆಗಳಿಗೆ ಉಳಿಯಲಿಲ್ಲ. ಸ್ಟಾಲ್ ಎಚ್ಚರಿಕೆ ಮತ್ತೆ ಮತ್ತೆ ಮೊಳಗುತ್ತಿದ್ದರೂ, ಸ್ಟಾಲ್ ಆಗಿದೆ ಎಂಬುದೇ ಕಾಕ್‌ಪಿಟ್‌ನಲ್ಲಿದ್ದವರಿಗೆ ಹೊಳೆಯಲಿಲ್ಲ. ಆಟೋಪೈಲಟ್ ಕಳಚಿದ ಐದು ನಿಮಿಷದೊಳಗೆ ವಿಮಾನ ಅಟ್ಲಾಂಟಿಕ್‌ಗೆ ಬಿದ್ದು 228 ಮಂದಿ ಸತ್ತರು. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸುವ ತರಬೇತಿ ಆ ಸಹಪೈಲಟ್‌ಗಳಿಗೆ ಸಿಕ್ಕಿರಲಿಲ್ಲ ಎಂದು ಫ್ರಾನ್ಸ್‌ನ ತನಿಖಾ ಸಂಸ್ಥೆಯ ವರದಿ ಹೇಳುತ್ತದೆ. ಹಾಗಿರುವಾಗ ಇಡೀ ಹೊಣೆಯನ್ನು ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ.

2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದದ್ದು ಇನ್ನೊಂದು ಬಗೆಯದು. ಅಂದು ಹವೆ ತಿಳಿಯಾಗಿತ್ತು. ಇಳಿಜಾರಿನ ದಾರಿ ತೋರುವ ಗ್ಲೈಡ್‌ಸ್ಲೋಪ್ ಮಾತ್ರ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಏಷ್ಯಾನಾ 214ರ ಪೈಲಟ್‌ಗಳು ಕಣ್ಣಳತೆಯಲ್ಲಿ ಇಳಿಯಬೇಕಿತ್ತು. ವೇಗವನ್ನು, ಎಂಜಿನ್ ಬಲವನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ಕಾಯುತ್ತದೆ ಎಂದು ಅವರು ನಂಬಿದ್ದರು, ಆದರೆ ಅವರೇ ಒತ್ತಿದ್ದ ಮೋಡ್‌ಗಳ ಫಲವಾಗಿ ಅದು ಆ ಕೆಲಸವನ್ನು ಬಿಟ್ಟುಕೊಟ್ಟಿತ್ತು. 137 ನಾಟ್ ಇರಬೇಕಾದ ವೇಗ ಒಂದು ಹಂತದಲ್ಲಿ 103ಕ್ಕೆ ಕುಸಿಯಿತು, ವಿಮಾನ ರನ್‌ವೇ ಮುಂದಿನ ಸಮುದ್ರಗೋಡೆಗೆ ಬಡಿದು ಮೂವರು ಸತ್ತರು.

ಎರಡರಲ್ಲೂ ತಪ್ಪಿದ್ದು ಕೈಯ ಪಳಗಿಕೆ ಮಾತ್ರವಲ್ಲ. ಬೋಯಿಂಗ್ 747 ವಿಮಾನದ ಸಿಮ್ಯುಲೇಟರ್‌ನಲ್ಲಿ (ಹಾರಾಟವನ್ನು ಅನುಕರಿಸುವ ತರಬೇತಿ ಯಂತ್ರದಲ್ಲಿ) 16 ಪೈಲಟ್‌ಗಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಉಪಕರಣ ನೋಡಿ ವಿಮಾನವನ್ನು ಹಿಡಿದಿಡುವ ಕೌಶಲ ಅಷ್ಟಾಗಿ ಮಾಸಿರಲಿಲ್ಲ. ಮಂಕಾಗಿದ್ದುದು ನಕ್ಷೆಯ ನೆರವಿಲ್ಲದೆ ವಿಮಾನ ಎಲ್ಲಿದೆ ಎಂದು ಅಂದಾಜಿಸುವ, ಮುಂದಿನ ಹೆಜ್ಜೆ ಯೋಚಿಸುವ, ಕೆಟ್ಟದ್ದನ್ನು ಪತ್ತೆಹಚ್ಚುವ ಬುದ್ಧಿಯ ಕೆಲಸ. ಕೈಯಾರೆ ಹಾರಿಸುವಾಗ ಈ ಲೆಕ್ಕಾಚಾರ ತಲೆಯಲ್ಲಿ ನಡೆಯಲೇಬೇಕು, ಪರದೆ ನೋಡುತ್ತ ಕುಳಿತಾಗ ನಡೆಯದಿದ್ದರೂ ಗೊತ್ತಾಗುವುದಿಲ್ಲ.

ಅಭ್ಯಾಸಕ್ಕೆ ಸಿಮ್ಯುಲೇಟರ್ ಇದೆಯಲ್ಲ ಎನ್ನಬಹುದು. ಅಲ್ಲಿನ ಕೆಲವೇ ಗಂಟೆಗಳಲ್ಲಿ ಹೆಚ್ಚಿನವು ಎಂಜಿನ್ ಕೆಡುವಂಥ ಕಡ್ಡಾಯ ಪರೀಕ್ಷೆಗಳಿಗೇ ಹೋಗುತ್ತವೆ. ನಿಜವಾದ ಹಾರಾಟದಲ್ಲಿ 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವಿನ ಲಂಬ ಅಂತರ ಸಾವಿರ ಅಡಿಯಷ್ಟೇ ಇರುವುದರಿಂದ ಎತ್ತರ ಕಾಯುವ ಕೆಲಸವನ್ನು ಆಟೋಪೈಲಟ್‌ಗೇ ಬಿಡಬೇಕಾಗುತ್ತದೆ. ಉಳಿಯುವುದು ಏರುವ, ಇಳಿಯುವ ಹೊತ್ತು. ಅಲ್ಲಿಯೂ ವೇಗ ತುಸು ಹೆಚ್ಚುಕಡಿಮೆಯಾದರೆ ವಿಮಾನದ ದತ್ತಾಂಶದಲ್ಲಿ ದಾಖಲಾಗಿ ನಾಳೆ ವಿವರಣೆ ಕೊಡಬೇಕಾದೀತು ಎಂಬ ಅಳುಕಿದ್ದರೆ, ತಾನಾಗಿ ಆಟೋಪೈಲಟ್ ಆಫ್ ಮಾಡುವವರು ಯಾರು?

ಕೈಯಾರೆ ಹಾರಿಸುವುದನ್ನು ಪ್ರೋತ್ಸಾಹಿಸಿ ಎಂದು ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ 2013ರ ಜನವರಿಯಲ್ಲೇ ವಿಮಾನಯಾನ ಸಂಸ್ಥೆಗಳಿಗೆ ಹೇಳಿತ್ತು, ಆದರೆ ಅದು ಆದೇಶವಲ್ಲ, ಬರೀ ಸಲಹೆ. ಹವೆ ತಿಳಿಯಾಗಿ, ಸಂಚಾರ ವಿರಳವಾಗಿ, ಸಿಬ್ಬಂದಿ ದಣಿಯದೆ ಇರುವಾಗ ಆಟೋಪೈಲಟ್, ಆಟೋಥ್ರಾಟಲ್, ಮೂತಿ ಎತ್ತ ತಿರುಗಿಸಬೇಕೆಂದು ಪರದೆಯಲ್ಲಿ ತೋರುವ ಫ್ಲೈಟ್ ಡೈರೆಕ್ಟರ್ ಮೂರನ್ನೂ ಆಫ್ ಮಾಡಿ ಹಾರಿಸುವ ಅವಕಾಶ ಪ್ರತಿ ಸಂಸ್ಥೆಯ ಕೈಪಿಡಿಯಲ್ಲೂ ಸ್ಪಷ್ಟವಾಗಿರಬೇಕು. ಎಷ್ಟು ತಿಂಗಳಿಗೆ ಎಷ್ಟು ಬಾರಿ ಎಂಬ ಕನಿಷ್ಠ ಮಿತಿಯನ್ನು ನಿಯಂತ್ರಕರು ಗೊತ್ತುಮಾಡಲಿ. ಅಂಥ ಹಾರಾಟದಲ್ಲಿ ಆಗುವ ಸಣ್ಣಪುಟ್ಟ ಏರುಪೇರನ್ನು ಶಿಸ್ತುಕ್ರಮಕ್ಕೆ ಬಳಸಬಾರದೆಂದು ಅದೇ ನಿಯಮದಲ್ಲಿ ಬರೆಯಬೇಕು. ಇಲ್ಲದಿದ್ದರೆ ಕನಿಷ್ಠ ಮಿತಿಯೂ ಕಾಗದದ ಮೇಲೆ ಮಾತ್ರ ಭರ್ತಿಯಾಗುತ್ತದೆ.

ಇತಿ,
ಒಬ್ಬ ಓದುಗ