ಕಳ್ಳನೆಂಬ ಶಂಕೆಯಷ್ಟೇ ಸಾಲದು

ಮಾನ್ಯರೇ,

ಅಡಿಕೆ ಒಣಗಿಸುವ ದಿನ ಬಂತೆಂದರೆ ಶಿರಸಿ, ಸಿದ್ದಾಪುರ ಭಾಗದ ಒಂಟಿ ಮನೆಗಳಲ್ಲಿ ಕಳ್ಳರ ಭಯದ ಜೊತೆಗೆ, ರಾತ್ರಿ ಬಂದವನನ್ನು ಎಷ್ಟರಮಟ್ಟಿಗೆ ಹೊಡೆಯಬಹುದೆಂಬ ಗೊಂದಲವೂ ಶುರುವಾಗುತ್ತದೆ. ‘ನಮ್ಮ ಜಾಗದೊಳಗೆ ಏನು ಮಾಡಿದರೂ ಕೇಸಿಲ್ಲ’ ಎಂದು ನಂಬಿದವರಿದ್ದಾರೆ. ಅದು ಅಪಾಯಕಾರಿ ನಂಬಿಕೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ, ಸೂರ್ಯಾಸ್ತದ ನಂತರ ಮನೆಗೆ ಕನ್ನ ಹಾಕಿದವನ ಎದುರು ಪ್ರಾಣಾಂತಿಕ ಪ್ರತಿರೋಧಕ್ಕೂ ಅವಕಾಶ ಕೊಡುತ್ತದೆ, ನಿಜ. ಆದರೆ ಅಂಗಳದ ಅಡಿಕೆ ಕದಿಯುವವನಿಗೆ ಅದು ಅನ್ವಯಿಸುವುದು ಅವನಿಂದ ಜೀವಕ್ಕೆ ಅಥವಾ ತೀವ್ರ ಗಾಯದ ಭಯವಿದ್ದಾಗ ಮಾತ್ರ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ ಎನ್ನುತ್ತದೆ 37ನೇ ಕಲಂ. ಓಡುವವನ ಬೆನ್ನಿಗೆ ಗುಂಡು ಹಾರಿಸುವುದು, ಸಿಕ್ಕವನನ್ನು ಕಂಬಕ್ಕೆ ಕಟ್ಟಿ ಬಡಿಯುವುದು ಆತ್ಮರಕ್ಷಣೆಯಲ್ಲ. ತೋಟದಲ್ಲಿ ಕಂಡ ಬ್ಯಾಟರಿ ಬೆಳಕು ನೀರು ತಿರುಗಿಸಲು ಬಂದ ಪಕ್ಕದ ಮನೆಯವರದೂ ಆಗಿರಬಹುದು. ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮನೆಯಲ್ಲಿರುವವರು ಇದನ್ನು ಮರೆಯಬಾರದು.

112ಕ್ಕೆ ಕರೆ ಮಾಡಿ ಎನ್ನುವುದು ಸುಲಭ. ಮಳೆ-ಗಾಳಿಗೆ ಸಿಗ್ನಲ್ಲೇ ಇರದ ಮಜರೆಗಳು ನಮ್ಮಲ್ಲಿ ಎಷ್ಟಿಲ್ಲ? ಕೊಯ್ಲಿಗೆ ಮುನ್ನ ಬೀಟ್ ಪೊಲೀಸರು ಸಹಕಾರಿ ಸಂಘಗಳಲ್ಲಿ ಸಭೆ ಕರೆದು ಈ ಕಲಂಗಳನ್ನು ಸರಳವಾಗಿ ತಿಳಿಸಲಿ, ಸುಗ್ಗಿ ಮುಗಿಯುವವರೆಗೆ ರಾತ್ರಿ ಗಸ್ತು ಹೆಚ್ಚಿಸಲಿ.

— ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು