ಅಕ್ವೇರಿಯಂನ ಬಸವನಹುಳು ಕೆರೆಗೆ ಬೇಡ

ಮಾನ್ಯರೆ,

ಮೀನು ಕೊಳ್ಳಲು ಹೋದವರಿಗೆ ‘ಇದೊಂದು ಹಾಕಿ, ಗಾಜು ತಾನಾಗಿಯೇ ಕ್ಲೀನಾಗುತ್ತೆ’ ಎಂದು ಹಳದಿ ಮಿಸ್ಟರಿ ಸ್ನೇಲ್ ಎಂಬ ಬಸವನಹುಳುವನ್ನು ಕೊಟ್ಟು ಕಳಿಸುವ ಅಂಗಡಿಗಳಿವೆ. ಅದಕ್ಕೆ ಎಂಥ ನೀರು ಬೇಕು, ಹುಳುಗಳು ಹೆಚ್ಚಾದರೆ ಏನು ಮಾಡಬೇಕು ಎಂಬುದನ್ನೂ ಅಲ್ಲಿಯೇ ಹೇಳಬೇಕು.

ಚಿಪ್ಪು ಬೆಳೆಯಲು ಕ್ಯಾಲ್ಸಿಯಂ ಬೇಕು. ನೀರಿನ ಪಿಎಚ್ 7ಕ್ಕಿಂತ ಕೆಳಗಿಳಿದು ಹುಳಿಯಾದರೆ (ಆಮ್ಲೀಯ) ಬೆಳೆದ ಚಿಪ್ಪೂ ಸವೆಯತೊಡಗುತ್ತದೆ. ಶುದ್ಧವೆಂದು, ಖನಿಜಗಳನ್ನು ಸೋಸಿ ತೆಗೆದ ಆರ್‌ಒ ನೀರನ್ನೇ ತುಂಬಿಸಿದ ತೊಟ್ಟಿಯಲ್ಲಿ ಚಿಪ್ಪು ಬಿಳಚಿ ಗುಳಿ ಬೀಳುವುದು ಇದರಿಂದಲೇ. ಅಡುಗೆಮನೆಯಲ್ಲಿ ಎಲ್ಲರೂ ಬೈಯುವ ಗಡಸು ಬೋರ್‌ವೆಲ್ ನೀರು ಇದಕ್ಕೆ ಹಿತ. ನೀರು ಮೆದುವಾಗಿದ್ದರೆ ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸುವ ಕಟಲ್‌ಬೋನ್ (ಕಟಲ್‌ಫಿಶ್‌ನ ಸುಣ್ಣದಂಥ ಒಳಚಿಪ್ಪು) ತುಂಡೊಂದನ್ನು ಹಾಕಿ. ಮೊದಲು ತೇಲುತ್ತದೆ, ನೆನೆದ ಮೇಲೆ ಮುಳುಗುತ್ತದೆ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಬೆರೆಸಿಯೇ ಬಳಸಿ.

ಮೀನಿನ ಬಿಳಿಚುಕ್ಕೆ ರೋಗಕ್ಕೆ ಹಾಕುವ ಕೆಲವು ಔಷಧಗಳಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇರುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಬಸವನಹುಳುವಿಗೆ ವಿಷ. ಬಾಟಲಿಯ ಮೇಲೆ ‘ಕಾಪರ್’ ಎಂದಿದ್ದರೆ ಮೀನನ್ನೇ ಬೇರೆ ತೊಟ್ಟಿಗೆ ಹಾಕಿ ಚಿಕಿತ್ಸೆ ಕೊಡಿ. ಹುಳುವನ್ನು ಎತ್ತಿಟ್ಟು, ಮದ್ದು ಹಾಕಿ, ಮತ್ತೆ ಬಿಟ್ಟರೆ ಜಲ್ಲಿಯಲ್ಲಿ ಉಳಿದ ತಾಮ್ರ ಕಾಡುತ್ತದೆ.

ಬರೀ ಪಾಚಿಯಿಂದ ಇದರ ಹೊಟ್ಟೆ ತುಂಬದು. ಅರೆಬೆಂದ ಹೀರೆಕಾಯಿ, ಪಾಲಕ್ ಹಾಕಬಹುದು. ಉಳಿದದ್ದನ್ನು ಮರುದಿನ ತೆಗೆಯಲೇಬೇಕು. ಬಿಟ್ಟರೆ ನೀರುಗಿಡಗಳ ಜತೆ ಬಂದ ಬೇರೆ ಜಾತಿಯ ಸಣ್ಣ ಬಸವನಹುಳುಗಳಿಗೆ ಹಬ್ಬ. ಅವುಗಳಲ್ಲೊಂದಾದ ಟ್ರಂಪೆಟ್ ಸ್ನೇಲ್ ಅಂತೂ ಗಂಡಿಲ್ಲದೆಯೂ ಮರಿ ಹಾಕುತ್ತದೆ, ಒಂದಿದ್ದರೂ ಸಾಕು. ಇವನ್ನು ಮದ್ದು ಹಾಕಿ ಕೊಲ್ಲಹೋದರೆ ಜಲ್ಲಿಯೊಳಗೇ ಸತ್ತು ಕೊಳೆತು, ಅಮೋನಿಯಾ ಏರಿ ಮೀನಿಗೇ ಕುತ್ತು. ಮೀನಿನ ಆಹಾರ ಕಡಿಮೆ ಮಾಡಿ. ರಾತ್ರಿ ಸೌತೆಕಾಯಿ ಹೋಳು ಮುಳುಗಿಸಿಟ್ಟು, ಬೆಳಿಗ್ಗೆ ಅದಕ್ಕೆ ಮುತ್ತಿದ ಹುಳುಗಳ ಸಮೇತ ಎತ್ತಿ.

ಮಿಸ್ಟರಿ ಸ್ನೇಲ್ ಮೇಲೆ ಬಂದು ಉಸಿರಾಡುತ್ತದೆ, ಮೊಟ್ಟೆಯನ್ನೂ ನೀರಿನ ಮಟ್ಟಕ್ಕಿಂತ ಮೇಲೆ ಗೊಂಚಲಾಗಿ ಇಡುತ್ತದೆ. ಹಾಗಾಗಿ ಮುಚ್ಚಳದ ಕೆಳಗೆ 2 ಇಂಚು ಖಾಲಿ ಬಿಡಿ. ಮರಿ ಬೇಡವೆಂದರೆ ಗೊಂಚಲನ್ನು ಕೆರೆದು ತೆಗೆದರಾಯಿತು. ಒಂಟಿ ಹೆಣ್ಣೂ ಮರಿ ಮಾಡೀತು, ಏಕೆಂದರೆ ಹಿಂದಿನ ಕೂಡುವಿಕೆಯ ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಉಳಿಸಿಕೊಂಡಿರುತ್ತದೆ.

ಹೆಚ್ಚಾದವನ್ನು ಕೆರೆಗೋ ರಾಜಕಾಲುವೆಗೋ ಸುರಿಯುವುದು ಮಾತ್ರ ಸಲ್ಲದು. ದಕ್ಷಿಣ ಅಮೆರಿಕದ ಗೋಲ್ಡನ್ ಆಪಲ್ ಸ್ನೇಲನ್ನು 1980ರ ಸುಮಾರಿಗೆ ತೈವಾನಿಗೆ ತಂದದ್ದು ಆಹಾರಕ್ಕೆಂದು. ಅದು ಗದ್ದೆಗಿಳಿದು, ಫಿಲಿಪ್ಪೀನ್ಸ್ ಸೇರಿ ಆಗ್ನೇಯ ಏಷ್ಯಾದಲ್ಲೆಲ್ಲ ಎಳೆ ಭತ್ತದ ಪೈರನ್ನು ಮೇಯುವ ಪೀಡೆಯಾಯಿತು. ಮಿಸ್ಟರಿ ಸ್ನೇಲ್ ಅದರ ಹತ್ತಿರದ ಬಂಧು. ಅಂಗಡಿಯಲ್ಲಿ ‘ಆಪಲ್ ಸ್ನೇಲ್’ ಎಂದಷ್ಟೇ ಹೇಳಿ ಮಾರಿದರೆ ಯಾವ ಜಾತಿಯೆಂದು ಕೊಳ್ಳುವವರಿಗೆ ತಿಳಿಯುವುದಾದರೂ ಹೇಗೆ? ಬೇಡವಾದವನ್ನು ಸಾಕುವವರಿಗೆ ಕೊಡಿ, ಇಲ್ಲವೇ ಫ್ರೀಜರಿನಲ್ಲಿ ಪೂರ್ತಿ ಒಂದು ದಿನ ಇಟ್ಟು ಗಿಡದ ಬುಡದಲ್ಲಿ ಹೂಳಿ. ತೊಟ್ಟಿಯಿಂದ ತೆಗೆದ ನೀರನ್ನೂ ಚರಂಡಿಯ ಬದಲು ಹೂಕುಂಡಕ್ಕೇ ಹಾಕಿ; ಸುಲಭವಾಗಿ ಕಣ್ಣಿಗೆ ಬೀಳದಷ್ಟು ಸಣ್ಣ ಮರಿಗಳು ಅದರಲ್ಲಿ ಇರಬಹುದು.

– ಅಕ್ವೇರಿಯಂ ಹವ್ಯಾಸಿಗಳು, ಬೆಂಗಳೂರು