ಬೇಜಾರು ಅಂದರೆ ಎಂತ?

ಲೀಡ್ಸ್,
9 ನವೆಂಬರ್ 2025, ಭಾನುವಾರ

ಪ್ರೀತಿಯ ಅಕ್ಕ,

ಇಲ್ಲಿ ನಾಲ್ಕೂಕಾಲಿಗೇ ಕತ್ತಲೆಯಾಯಿತು. ಚಾ ಮಾಡಿಕೊಂಡು ಕುಳಿತಿದ್ದೇನೆ. ಮೊನ್ನೆ ಫೋನಿನಲ್ಲಿ ನಾನು ಸರಿಯಾಗಿ ಮಾತಾಡಲಿಲ್ಲ ಅಂತ ನಿನಗೆ ಅನಿಸಿರಬಹುದು. ಹೇಗೆ ಮಾತಾಡುವುದು? ಹಿಂದೆ ಟಿವಿ, ಪಕ್ಕದಲ್ಲಿ ಭಾವ, ಫೋನು ಬೇರೆ ಸ್ಪೀಕರಿನಲ್ಲಿ. ವಾಟ್ಸ್ಯಾಪಿನಲ್ಲಿ ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಅದಕ್ಕೇ ಈ ಕಾಗದ. ನಿಮ್ಮೂರು ಸಂತೆಕಟ್ಟೆ ಮುಟ್ಟಲು ಎರಡು ವಾರ ಬೇಕಾದೀತು, ಆಗಲಿ. ಕಾಯಲು ಆಗದ ಒಂದು ಮಾತು ಉಂಟು. ಅದನ್ನು ಇವತ್ತೇ ಮೆಸೇಜ್ ಮಾಡುತ್ತೇನೆ, ಕೆಳಗೂ ಬರೆಯುತ್ತೇನೆ.

ನಿನ್ನ ಮಗ, ನಮ್ಮ ಮಾಣಿ, ಆ ಕೌನ್ಸೆಲರ್ ಹತ್ತಿರದಿಂದ ಹೊರಗೆ ಬಂದವನು 'ಇನ್ನೊಮ್ಮೆ ಕರೆದರೆ ನಾನು ಮನೆಯಲ್ಲೇ ಇರುವುದಿಲ್ಲ' ಅಂದನಂತಲ್ಲ. ನೀನು ಹೇಳಿದೆ, 'ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು, ಇದೆಲ್ಲ ನಮ್ಮಂಥವರಿಗಲ್ಲ.' ನಾನು ಹೂಂ ಅಂದೆ. ಅದು ಸುಳ್ಳು ಹೂಂ.

ಒಳಗೆ ಆದದ್ದು ಏನು ಅಂತ ನೀನೇ ಹೇಳಿದ ಹಾಗೆ ನೋಡು. ನಿನ್ನನ್ನೂ ಅವನ ಪಕ್ಕ ಕೂರಿಸಿದರು. ಮೊದಲು ಕೇಳಿದ್ದು ಎಸ್ಎಸ್ಎಲ್‌ಸಿ ಮಾರ್ಕು. ಆಮೇಲೆ 'ಅಮ್ಮ ಎಷ್ಟು ಕಷ್ಟಪಡ್ತಿದ್ದಾರೆ ನೋಡು' ಅಂತ ಬುದ್ಧಿ. ಅರ್ಧ ಗಂಟೆಯಲ್ಲಿ ಮುಗಿಯಿತು. ಅಷ್ಟನ್ನು ನಮ್ಮ ದೊಡ್ಡಪ್ಪನೂ ಮಾಡುತ್ತಿದ್ದರು ಮಾರಾಯ್ತಿ, ದುಡ್ಡಿಲ್ಲದೆ. ಹದಿನೇಳು ವರ್ಷದ ಹುಡುಗ ಇನ್ನೊಮ್ಮೆ ಬರುವುದಿಲ್ಲ ಅಂದದ್ದರಲ್ಲಿ ಆಶ್ಚರ್ಯ ಇಲ್ಲ. ಸರಿ ಹೋಗದೆ ಇದ್ದದ್ದು ಆ ಒಬ್ಬರು. ಅಷ್ಟಕ್ಕೇ ಬಾಗಿಲು ಹಾಕಬೇಡ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಉಂಟು. ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. 2023ರಲ್ಲಿ ಹೆಚ್ಚುಕಮ್ಮಿ ಇಡೀ ವರ್ಷ ನಾನು ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೆ. ಮಂಗಳವಾರ ರಾತ್ರಿ ಊಟ ಮುಗಿಸಿ ನೀನು ಫೋನ್ ಮಾಡಿದಾಗಲೆಲ್ಲ 'ಮೀಟಿಂಗಿನಲ್ಲಿದ್ದೇನೆ' ಅಂತಿದ್ದೆನಲ್ಲ, ಅದೇ ಮೀಟಿಂಗು.

ಶುರುವಾದದ್ದು ಒಂದು ಬದನೆಕಾಯಿಯಿಂದ. ನಗಬೇಡ. ಆ ವರ್ಷ ಜನವರಿಯಲ್ಲಿ ಇಲ್ಲಿನ ಏಷ್ಯನ್ ಅಂಗಡಿಯಲ್ಲಿ ದುಂಡಗೆ, ಹಸಿರಾಗಿ, ಥೇಟು ನಮ್ಮೂರ ಗುಳ್ಳ ಬದನೆಯ ಹಾಗೆ ಇಟ್ಟಿದ್ದರು. ಮಟ್ಟುಗುಳ್ಳ ಅಲ್ಲ, ಥಾಯ್ಲೆಂಡಿನ ಯಾವುದೋ ಜಾತಿ. ನಾಲ್ಕು ಕೈಗೆತ್ತಿಕೊಂಡವಳು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ಹುಡುಗ ಬಂದು 'ಹುಷಾರಿದ್ದೀರಾ' ಅಂತ ಕೇಳಿದಾಗಲೇ ನಾನು ಅಳುತ್ತಿದ್ದೇನೆ ಅಂತ ನನಗೆ ಗೊತ್ತಾದದ್ದು. ಅಮ್ಮ ಹೋಗಿ ಒಂದೂವರೆ ವರ್ಷ ದಾಟಿತ್ತು. ಅಷ್ಟು ದಿನ ಒಂದು ಹನಿ ಬಂದಿರಲಿಲ್ಲ. ಎಲ್ಲರೂ 'ಗಟ್ಟಿಗಿತ್ತಿ' ಅಂತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಆ ದಿನದಿಂದ ನಿದ್ದೆ ಹೋಯಿತು. ರಾತ್ರಿ ಮೂರಕ್ಕೆ ಎದ್ದು ಕೂರುವುದು, ಆಫೀಸಿನಲ್ಲಿ ಒಂದು ಈಮೇಲನ್ನು ಹತ್ತು ಸಲ ಓದುವುದು.

ಇಲ್ಲಿ ಸರ್ಕಾರಿ ಆಸ್ಪತ್ರೆ ವ್ಯವಸ್ಥೆ ಎನ್ಎಚ್ಎಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಉಂಟು. ಡಾಕ್ಟರ ಚೀಟಿ ಬೇಡ, ನಾವೇ ಹೆಸರು ಕೊಡಬಹುದು. ಫೋನಿನಲ್ಲಿ ಒಂಬತ್ತು ಪ್ರಶ್ನೆ ಕೇಳುತ್ತಾರೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಕೆಟ್ಟಿತು, ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ, ಹೀಗೆ. ಒಂದೊಂದಕ್ಕೆ ಸೊನ್ನೆಯಿಂದ ಮೂರು, ಒಟ್ಟು 27. ನನಗೆ 17 ಬಂತು. ಜೀವನದಲ್ಲಿ ಮೊದಲ ಸಲ ಮಾರ್ಕು ಕಮ್ಮಿ ಬರಬೇಕಿತ್ತು ಅನಿಸಿತು.

ಅಲ್ಲಿ ಸಿಕ್ಕಿದ್ದು ಒಬ್ಬ ಚಿಕ್ಕ ಹುಡುಗ. ಒಳ್ಳೆಯವನೇ. ವಾರವಾರ ಫೋನು, ತುಂಬಿಸಲು ಹಾಳೆ, ನಿದ್ದೆಯ ಲೆಕ್ಕ. ಆ ಲೆಕ್ಕ ನಿಜಕ್ಕೂ ಉಪಯೋಗಕ್ಕೆ ಬಂತು. ಮಲಗುವ ಹೊತ್ತು ಒಂದು ದಾರಿಗೆ ಬಂತು. ಆದರೆ ಅಮ್ಮನ ಮಾತು ಬಂದ ಕೂಡಲೇ ಅವನು ಮುಂದಿನ ಹಾಳೆಗೆ ಹೋಗುತ್ತಿದ್ದ.

ಎರಡನೆಯದು ನನ್ನದೇ ಆರಿಸುವಿಕೆ. ಕನ್ನಡದವರೇ ಬೇಕು ಅಂತ ಹುಡುಕಿ ಆನ್‌ಲೈನಿನಲ್ಲಿ ನಮ್ಮ ಕಡೆಯವರನ್ನೇ ಹಿಡಿದೆ. ಹತ್ತು ನಿಮಿಷ ಆಗಿರಲಿಲ್ಲ, 'ಬ್ರಹ್ಮಾವರದಲ್ಲಿ ಯಾವ ಮನೆ?' ಅಂದರು. ಹದಿನೈದನೇ ನಿಮಿಷಕ್ಕೆ ಅವರ ಸೋದರತ್ತೆಯೂ ನಮ್ಮ ಚಿಕ್ಕಮ್ಮನೂ ಒಂದೇ ಶಾಲೆಯಲ್ಲಿ ಟೀಚರ್ ಆಗಿದ್ದರು ಅಂತ ಪತ್ತೆಯಾಯಿತು. ಅಲ್ಲಿಗೆ ನನ್ನ ಬಾಯಿ ಮುಚ್ಚಿತು. ಕನ್ನಡ ಬಂದದ್ದು ಖುಷಿಯೇ. ಆದರೆ ನಮ್ಮ ಮನೆಯ ಕಥೆ ಹೇಳಲು ನಮ್ಮ ಮನೆ ಗೊತ್ತಿರುವವರು ಆಗುವುದಿಲ್ಲ ಅಂತ ಅವತ್ತು ಗೊತ್ತಾಯಿತು. ಉಡುಪಿಯಲ್ಲಿ ಇದೊಂದು ದೊಡ್ಡ ತೊಂದರೆ, ಅಲ್ವಾ? ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು.

ಮೂರನೆಯವರು ಇಲ್ಲಿನ ಒಬ್ಬ ವಯಸ್ಸಾದ ಹೆಂಗಸು. ಇಂಗ್ಲೆಂಡಿನಲ್ಲಿ ಕೌನ್ಸೆಲರ್ ಅಂತ ಯಾರು ಬೇಕಾದರೂ ಬೋರ್ಡು ಹಾಕಬಹುದು, ಕಾನೂನಿನ ತಡೆ ಇಲ್ಲ. ಅದಕ್ಕೇ ಬಿಎಸಿಪಿ ಅನ್ನುವ ಸಂಘದ ಪಟ್ಟಿಯಲ್ಲಿ ಹೆಸರು ನೋಡಿಕೊಂಡು ಹೋದೆ. ಸಲಕ್ಕೆ 50 ಪೌಂಡು. ಆಗ ನಮ್ಮ ಲೆಕ್ಕದಲ್ಲಿ ಸುಮಾರು ಐದು ಸಾವಿರ. (ಅಪ್ಪಯ್ಯನಿಗೆ ಈ ಅಂಕಿ ಮಾತ್ರ ಓದಬೇಡ.) ಐವತ್ತು ನಿಮಿಷ, ಮುಚ್ಚಿದ ಬಾಗಿಲು, ಎರಡು ಕುರ್ಚಿ. ಅವರಿಗೆ ಇಂಡಿಯಾ ಅಂದರೆ ತಾಜಮಹಲು ಅಷ್ಟೇ ಗೊತ್ತು.

ಮೂರನೇ ವಾರ ಇರಬೇಕು. ಇಂಗ್ಲಿಷಿನಲ್ಲಿ ಮಾತಾಡುತ್ತಾ ಮಾತಾಡುತ್ತಾ 'ಬೇಜಾರು' ಅಂದುಬಿಟ್ಟೆ. ಹಾಗೆಂದರೆ ಏನು ಅಂದರು. ದುಃಖ ಅಂದೆ. ಹೇಳಿದ ಮೇಲೆ ಅಲ್ಲ ಅನಿಸಿತು. ನೀನೇ ಹೇಳು, ಬೇಜಾರು ಅಂದರೆ ಎಂತ? ಮಳೆಗಾಲದ ಮಧ್ಯಾಹ್ನ ಕರೆಂಟು ಹೋದರೆ ಬೇಜಾರು. ದಿನಾ ಅದೇ ಉಪ್ಪಿಟ್ಟು ಅಂದರೆ ಬೇಜಾರು. ಮದುವೆಗೆ ಸರಿಯಾಗಿ ಕರೆಯಲಿಲ್ಲ ಅಂತ ಅತ್ತೆಗೆ ಬೇಜಾರು. ಸತ್ತವರ ಮನೆಗೆ ಹೋಗಿ ಬಂದರೂ ಬೇಜಾರೇ. 'ಬೇಜಾರು ಮಾಡ್ಕೋಬೇಡ' ಅಂದರೆ ಕ್ಷಮಿಸು ಅಂತಲೂ ಆಗುತ್ತದೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು. ಇದರಲ್ಲಿ ನಿನ್ನದು ಯಾವುದು?

ಅಕ್ಕ, ನನ್ನದು ಅತ್ತೆಯ ಬೇಜಾರು. ನಿನ್ನ ಮೇಲಿನದು.

2021ರ ಮೇ ತಿಂಗಳ ಆ ನಾಲ್ಕು ದಿನ. ಅಮ್ಮನಿಗೆ ಆಕ್ಸಿಜನ್ ಇಟ್ಟಿದ್ದರು. ನೀವು 'ಸ್ವಲ್ಪ ಜ್ವರ, ಮಲಗಿದ್ದಾಳೆ' ಅಂತಿದ್ದಿರಿ. ನಾನು ನಂಬಿ ಕೆಲಸಕ್ಕೆ ಹೋಗಿದ್ದೆ, ಒಂದು ಸಂಜೆ ಗೆಳತಿಯ ಮನೆಗೆ ಊಟಕ್ಕೂ ಹೋಗಿದ್ದೆ. ಐದನೇ ದಿನ ನೀನು ಫೋನ್ ಮಾಡಿದಾಗ ಎಲ್ಲ ಮುಗಿದಿತ್ತು. ವಿಡಿಯೋದಲ್ಲಿ ನೋಡಿದೆ. ಅದೂ ನಡುವೆ ನಿಂತಿತು. ಗೊತ್ತಿದ್ದರೂ ನಾನು ಬರಲು ಆಗುತ್ತಿರಲಿಲ್ಲ, ನನಗೆ ಗೊತ್ತುಂಟು. ಆಗ ಮಾಮೂಲಿ ವಿಮಾನಗಳೇ ಇರಲಿಲ್ಲ. ಏಪ್ರಿಲ್ 23ರಿಂದ ಇಲ್ಲಿನ ಸರ್ಕಾರ ಕೋವಿಡ್ ಅಂತ ಇಂಡಿಯಾವನ್ನು ಪ್ರಯಾಣ ತಡೆಯ ಕೆಂಪು ಪಟ್ಟಿಗೆ ಬೇರೆ ಹಾಕಿತ್ತು. ಆದರೆ ಒಂದು ಸಲ ಫೋನು ಅಮ್ಮನ ಕಿವಿಗೆ ಹಿಡಿಸಬಹುದಿತ್ತು. ಹೇಳಬೇಡ ಅಂದದ್ದು ನೀನೋ ಅಪ್ಪಯ್ಯನೋ ನಾನು ಇವತ್ತಿನವರೆಗೆ ಕೇಳಿಲ್ಲ.

ಇದನ್ನು ಆ ಕುರ್ಚಿಯಲ್ಲಿ ಕೂತು ಹೇಳಲು ನನಗೆ ಮೂರು ತಿಂಗಳು ಬೇಕಾಯಿತು. ಅವರು 'ನಿನ್ನ ಅಕ್ಕ ಮಾಡಿದ್ದು ತಪ್ಪು' ಅನ್ನಲಿಲ್ಲ. ಸರಿ ಅಂತಲೂ ಅನ್ನಲಿಲ್ಲ. ಸಿಟ್ಟನ್ನು ಪೂರ್ತಿ ಹೇಳಿ ಮುಗಿಸಲು ಬಿಟ್ಟರು, ಎಷ್ಟೋ ವಾರ. ಆಮೇಲೆ ಒಂದು ದಿನ ಕೇಳಿದರು. ಆ ನಾಲ್ಕು ದಿನ ಅಕ್ಕ ಎಲ್ಲಿ ಮಲಗುತ್ತಿದ್ದಳು? ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಅಂತ ಭಾವ ಒಮ್ಮೆ ಹೇಳಿದ್ದು ಆಗ ನೆನಪಾಯಿತು.

ಪರಿಹಾರ ಏನು ಕೊಟ್ಟರು ಅಂತ ಭಾವ ಕೇಳಿಯೇ ಕೇಳುತ್ತಾರೆ. ಒಂದೂ ಕೊಡಲಿಲ್ಲ. ಆದರೆ ನಿದ್ದೆ ಬಂತು. ನಿನ್ನ ಫೋನು ಬಂದಾಗ ಹೊಟ್ಟೆಯಲ್ಲಿ ಆಗುತ್ತಿದ್ದ ಸಂಕಟ ಹೋಯಿತು. ಮೇ ತಿಂಗಳು ಬಂದರೆ ಈಗಲೂ ಒಂದೆರಡು ವಾರ ಕಷ್ಟ. ಅಷ್ಟು ಇರಲಿ.

ಈಗ ಮಾಣಿ. ಮೊದಲು ಆ ಕಾಯಬಾರದ ಮಾತು. 'ನಾನಿದ್ದು ಏನು ಪ್ರಯೋಜನ' ಎನ್ನುವ ಥರದ್ದು ಏನಾದರೂ ಅವನ ಬಾಯಲ್ಲಿ ಬಂದರೆ ಯಾರ ಅಪಾಯಿಂಟ್‌ಮೆಂಟಿಗೂ ಕಾಯಬೇಡ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಅನುಮಾನ ಇದ್ದರೆ ನೇರವಾಗಿ ಕೇಳು, ಸಾಯಬೇಕು ಅನಿಸುತ್ತದಾ ಅಂತ. ಕೇಳಿದರೆ ಇಲ್ಲದ್ದು ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರು 14416. 2022ರಿಂದ ಉಂಟು. ದುಡ್ಡಿಲ್ಲ, ಹಗಲು ರಾತ್ರಿ ತೆಗೆಯುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಅವನ ಫೋನಿನಲ್ಲಿ ಸೇವ್ ಮಾಡಿಡು. ನಿನ್ನದರಲ್ಲೂ.

ಇನ್ನೊಬ್ಬರನ್ನು ಹುಡುಕುವಾಗ ಏನು ಓದಿದ್ದೀರಿ ಅಂತ ಕೇಳಲು ನಾಚಿಕೆ ಬೇಡ. ಮದುವೆ ಸಂಬಂಧಕ್ಕೆ ಏಳು ತಲೆಮಾರು ಕೇಳುವವರು ನಾವು, ಇದಕ್ಕೆ ಕೇಳಬಾರದಾ? ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಯಲ್ಲಿ ಮುಂದೆ ಓದಿದ ಡಾಕ್ಟರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಮಾತಿನ ಚಿಕಿತ್ಸೆ, ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ನಂಬರು ಇರಬೇಕು. ಬರೀ ಕೌನ್ಸೆಲರ್ ಅಂತಿದ್ದರೆ ಜಾಸ್ತಿ ವಿಚಾರಿಸು. ಒಳ್ಳೆಯವರೂ ಇದ್ದಾರೆ, ಚಿಕ್ಕ ಕೋರ್ಸು ಮಾಡಿ ಬೋರ್ಡು ಹಾಕಿದವರೂ ಇದ್ದಾರೆ. ಮಣಿಪಾಲದ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೆ ವಿಭಾಗವೇ ಉಂಟು, ದೊಡ್ಡಣಗುಡ್ಡೆಯಲ್ಲಿ ಬಾಳಿಗಾ ಆಸ್ಪತ್ರೆ ಉಂಟು. ಚಿಕ್ಕಂದಿನಲ್ಲಿ ದೊಡ್ಡಪ್ಪ 'ನಿಮ್ಮನ್ನು ಕಂಕನಾಡಿಗೆ ಬಿಟ್ಟು ಬರಬೇಕು' ಅಂತ, ಅಂದರೆ ಅಲ್ಲಿನ ಮಾನಸಿಕ ಆಸ್ಪತ್ರೆಗೆ, ಬೈದಾಗ ಎಷ್ಟು ಹೆದರುತ್ತಿದ್ದೆವು, ನೆನಪುಂಟಾ? ಆ ಹೆದರಿಕೆ ನಿನಗೆ ಇನ್ನೂ ಹೋಗಿಲ್ಲ ಅಂತ ನನ್ನ ಅನುಮಾನ. ಯಾರಾದರೂ ನೋಡಿಯಾರು ಅಂತ ಇದ್ದರೆ ಮಂಗಳೂರಿಗೆ ಹೋಗಿ. ಒಂದೂವರೆ ಗಂಟೆಯ ಬಸ್ಸು. ಹುಡುಗ ಕಿಟಕಿ ಪಕ್ಕ ಕೂತರೆ ಏನಾದರೂ ಮಾತಾಡಿಯಾನು.

ಯಾರು ಬೇಕು ಅಂತ ಅವನನ್ನೇ ಕೇಳು. ಗಂಡಸೋ ಹೆಂಗಸೋ, ಕನ್ನಡವೋ ಇಂಗ್ಲಿಷೋ. ನೀನು ಹೊರಗಿನ ಬೆಂಚಿನಲ್ಲಿ ಕೂರು. ಎರಡು ಮೂರು ಸಲ ಹೋಗಿ ನೋಡಲಿ. ಆಮೇಲೂ ಸರಿ ಕಾಣದಿದ್ದರೆ ಅವರಿಗೇ ಹೇಳಿ ಬಿಡಲಿ, ಒಳ್ಳೆಯವರು ಇನ್ನೊಬ್ಬರ ಹೆಸರು ಕೊಡುತ್ತಾರೆ. ಹೊರಗೆ ಬಂದಾಗ 'ಎಂತ ಹೇಳಿದೆ, ಅವರು ಎಂತ ಅಂದರು' ಅಂತ ಕೇಳಬೇಡ. ಗೋಳಿಬಜೆ ಕೊಡಿಸು. ಇದೇ ನಿನಗೆ ಎಲ್ಲಕ್ಕಿಂತ ಕಷ್ಟ ಆಗುವುದು ಅಂತ ಗೊತ್ತು.

ಭಾವ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಬೇಕು ಅಂದರೆ ಇಡಿಸಲಿ, ನಾನು ಬೇಡ ಅನ್ನುವುದಿಲ್ಲ. ಕೋಲದಲ್ಲಿ ದೈವ 'ನಾನಿದ್ದೇನೆ, ಹೆದರಬೇಡ' ಅಂದಾಗ ಅಮ್ಮನ ಮುಖ ಹೇಗೆ ಸಡಿಲವಾಗುತ್ತಿತ್ತು ಅಂತ ನೋಡಿದವಳು ನಾನು. ಆದರೆ ಅಲ್ಲಿ ಊರೆಲ್ಲ ಸುತ್ತ ನಿಂತಿರುತ್ತದೆ. ಮಾಣಿಗೆ ಬೇಕಾದದ್ದು ಯಾರೂ ಕೇಳಿಸಿಕೊಳ್ಳದ ಒಂದು ಕೋಣೆ. ಅಮ್ಮ ಪೇಪರಿನಲ್ಲಿ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರು ಬರೆದದ್ದನ್ನು ಒಂದೂ ಬಿಡದೆ ಓದುತ್ತಿದ್ದಳು. 'ಪಾಪ, ಯಾರ ಮನೆಯ ಕಥೆಯೋ' ಅನ್ನುತ್ತಿದ್ದಳು. ನಮ್ಮ ಮನೆಯದೂ ಇರಬಹುದು ಅಂತ ಅವಳಿಗೆ ಒಮ್ಮೆಯೂ ಅನಿಸಲಿಲ್ಲವಾ?

ಖರ್ಚು ನನ್ನದು. ಇದರಲ್ಲಿ ವಾದ ಬೇಡ. ಶನಿವಾರ ರಾತ್ರಿ ಮಾಣಿಗೆ ನಾನೇ ಫೋನ್ ಮಾಡುತ್ತೇನೆ. ಕೌನ್ಸೆಲಿಂಗ್ ಬಗ್ಗೆ ಅಲ್ಲ, ಸುಮ್ನೆ. ಚಿಕ್ಕಮ್ಮನೂ ಹೋಗಿದ್ದಳು ಅಂತ ಅವನಿಗೆ ನೀನು ಹೇಳಬಹುದು. 17 ಬಂದದ್ದನ್ನೂ ಹೇಳು, ನಗಲಿ.

ಅಪ್ಪಯ್ಯನ ಕಣ್ಣು ಈಗ ಮಂಜು, ಕಾಗದ ಬಂದರೆ ನೀನೇ ಗಟ್ಟಿಯಾಗಿ ಓದಿ ಹೇಳುತ್ತೀ. ಆ ನಾಲ್ಕು ದಿನದ ಪುಟ ಬಿಟ್ಟು ಓದು ಅಂತ ಬರೆಯಲು ಹೊರಟಿದ್ದೆ.

ಬೇಡ. ಅದನ್ನೂ ಓದು.

ನಿನ್ನ ತಂಗಿ